ಟೀಚರನ್ನ ಕೇಳಿ: ‘ಇವ್ರು ನಿಮಗೇನಾಗ್ಬೇಕು?’ ಇಂಗ್ಲಿಷಲ್ಲಿ ಬರೆಯೋದು ಹೆಂಗೆ

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಮುಕ್ಕಾಲು ಭಾಗ ಒಂದೇ ವಿಷಯದ್ದು. ಗಂಡ, ಹೆಂಡ್ತಿ, ಲವ್ ಮಾಡ್ತಿರೋರು, ನಿಶ್ಚಿತಾರ್ಥ ಆಗಿರೋರು, ಸುಮ್ನೆ ಒಟ್ಟಿಗಿರೋರು, ಇವ್ರನ್ನೆಲ್ಲ ಇಂಗ್ಲಿಷಲ್ಲಿ ಏನಂತ ಬರೀಬೇಕು ಅಂತ. ಮದುವೆ ಹಾಲಲ್ಲಿ ಯಾರಾದ್ರೂ ಅಜ್ಜಿ ಹತ್ರ ಬಂದು ‘ಇವ್ರು ನಿಂಗೇನಾಗ್ಬೇಕು’ ಅಂದ್ರೆ ಏನೋ ಒಂದು ಗೊಣಗಿ ಐಸ್‌ಕ್ರೀಮ್ ಕಡೆ ಜಾರ್ಕೊಳ್ಬಹುದು, ಇಮೇಲಲ್ಲಿ, ಫಾರ್ಮಲ್ಲಿ ಆ ಸೌಲಭ್ಯ ಇಲ್ಲ, ಬರೆದಿದ್ದು ಬರೆದಂಗೇ ಕೂತಿರತ್ತೆ. ಅದಕ್ಕೆ ಈ ಸಂಚಿಕೆ ಪೂರ್ತಿ ಇದಕ್ಕೇ ಇಟ್ಟಿದ್ದೀನಿ, ವ್ಯಾಕರಣದ ಪ್ರಶ್ನೆ ಕಳಿಸಿದೋರು ಬೇಜಾರ್ ಮಾಡ್ಕೋಬೇಡಿ. ಎಲ್ಲ ಉತ್ತರದಲ್ಲೂ ನಾನು ತಿರುಗಿ ಕೇಳಿರೋದು ಒಂದೇ: ಇದನ್ನ ಓದೋರು ಯಾರು, ಓದಿ ಅವ್ರು ಏನು ಮಾಡ್ಬೇಕು? ಅದು ಗೊತ್ತಾದ್ರೆ ಪದ ತಾನಾಗೇ ಸಿಗತ್ತೆ, ಎಷ್ಟೋ ಸಲ ಪದಾನೇ ಬೇಡ, ಹೆಸರು ಸಾಕಾಗತ್ತೆ.

ಪ್ರಶ್ನೆ: ಟೀಚರ್, ನಾನು ಗೋಣಿಕೊಪ್ಪದವಳು, ಬೆಂಗಳೂರಲ್ಲಿ ಸ್ಟಾಫ್ ನರ್ಸ್. ಯುಕೆಯಲ್ಲಿ ಕೆಲಸ ಸಿಕ್ಕಿದೆ. ನಾನೂ ನನ್ನ ಹುಡುಗನೂ ಮೂರು ವರ್ಷದಿಂದ ಒಂದೇ ಮನೇಲಿದ್ದೀವಿ, ಮದುವೆ ಆಗಿಲ್ಲ, ಊರಲ್ಲಿ ಅರ್ಧ ಒಪ್ಪಿಗೆ ಇದೆ. ಅವನೂ ಜೊತೆಗೆ ಬರ್ತಾನೆ ಅಂತ ಅಲ್ಲಿನ ಎಚ್‌ಆರ್‌ಗೆ ಮೇಲ್ ಬರೀಬೇಕು. ಬಾಯ್‌ಫ್ರೆಂಡ್ ಅಂದ್ರೆ ಕಾಲೇಜ್ ಹುಡುಗಿ ಬರೆದಂಗಿರತ್ತೆ, ಲವರ್ ಅಂತ ಹಾಕು ಅಂತಾಳೆ ಫ್ರೆಂಡ್, ಹಸ್ಬೆಂಡ್ ಅಂತಾನೇ ಬರ್ದುಬಿಡು ಯಾರು ಕೇಳ್ತಾರೆ ಅಂತಾನೆ ಅವನು. ಏನ್ಮಾಡ್ಲಿ? (ಹೆಸರು ಬೇಡ)

ಮೊದ್ಲು ನಿನ್ನ ಹುಡುಗನ ಐಡಿಯಾಗೆ ಉತ್ತರ ಕೊಡ್ತೀನಿ. ಬೇಡ. ಯಾರು ಕೇಳ್ತಾರೆ ಅನ್ನೋದು ನಮ್ಮ ಊರ ಬಸ್ಸಲ್ಲಿ ನಡಿಯತ್ತೆ, ವೀಸಾ ಆಫೀಸಿನೋರಿಗೆ ಸಂಬಳ ಬರೋದೇ ಕೇಳೋದಕ್ಕೆ. ಹಸ್ಬೆಂಡ್ ಅಂದ ತಕ್ಷಣ ಮ್ಯಾರೇಜ್ ಸರ್ಟಿಫಿಕೇಟ್ ಎಲ್ಲಿ ಅಂತಾರೆ, ಸುಳ್ಳು ಅಂತ ಸಿಕ್ಕಿಬಿದ್ರೆ ಆ ಅರ್ಜಿ ಹೋಗೋದಷ್ಟೇ ಅಲ್ಲ, ಮೋಸದ ಅರ್ಜಿ ಹಾಕಿದೋರಿಗೆ ಯುಕೆಯಲ್ಲಿ 10 ವರ್ಷದ ಬ್ಯಾನ್ ಇದೆ. ತಮಾಷೆ ಏನಂದ್ರೆ ನಿಮ್ಮಿಬ್ರಿಗೂ ನಿಜ ಹೇಳಿದ್ರೇನೇ ದಾರಿ ಇರೋದು. ಅಲ್ಲಿನ ರೂಲಲ್ಲಿ ‘ಅನ್‌ಮ್ಯಾರೀಡ್ ಪಾರ್ಟ್ನರ್’ ಅಂತ ಸರ್ಕಾರಾನೇ ಒಂದು ಜಾಗ ಮಾಡಿಟ್ಟಿದೆ, ಮದುವೆ ಆಗಿಲ್ಲ ಆದ್ರೆ ಕನಿಷ್ಠ 2 ವರ್ಷದಿಂದ ಮದುವೆಯಂಥದ್ದೇ ಸಂಬಂಧ ಇದೆ ಅಂತ ತೋರಿಸ್ಬೇಕು. ನಿಮ್ದು ಮೂರು ವರ್ಷ. ಬಾಡಿಗೆ ಅಗ್ರಿಮೆಂಟಲ್ಲಿ ಇಬ್ರ ಹೆಸರೂ ಇದ್ಯಾ, ಬ್ಯಾಂಕ್ ಸ್ಟೇಟ್‌ಮೆಂಟ್, ಕರೆಂಟ್ ಬಿಲ್ಲು, ಗ್ಯಾಸ್ ಕನೆಕ್ಷನ್ ಯಾರ್ಯಾರ ಹೆಸರಲ್ಲಿದೆ, ಯಾವ ತಾರೀಖಿಂದ ಇದೆ, ಇವತ್ತೇ ತೆಗ್ದು ನೋಡು. ಓನರ್ ಏನಂದ್ಕೊಳ್ತಾರೋ ಅಂತ ಅಗ್ರಿಮೆಂಟ್ ಒಬ್ರ ಹೆಸರಲ್ಲೇ ಮಾಡ್ಸಿರ್ತೀರ ಅಂತ ನಂಗೆ ಗೊತ್ತು, ಆಗ ಬೇರೆ ಕಾಗದ ಹುಡುಕ್ಬೇಕಾಗತ್ತೆ.

ಇನ್ನು ಲವರ್. ನಮ್ಮಲ್ಲಿ ‘ಲವ್ವರ್’ ಪಾಪದ ಪದ, ಬಸ್‌ಸ್ಟ್ಯಾಂಡಲ್ಲಿ ಕಾಯೋನೂ ಲವ್ವರ್ರೇ, ಕೈ ಹಿಡಿದು ರಾಜಾ ಸೀಟಲ್ಲಿ ಕೂತೋನೂ ಲವ್ವರ್ರೇ. ಇಂಗ್ಲಿಷಿನೋರಿಗೆ ಅದು ಕೇಳಿದ್ರೆ ಮೊದ್ಲು ಮಂಚ ನೆನಪಾಗತ್ತೆ, ಎಷ್ಟೋ ಸಲ ಗಂಡನೋ ಹೆಂಡ್ತಿಯೋ ಇದ್ದೂ ಕದ್ದು ಇಟ್ಕೊಂಡಿರೋರು ಅನ್ನೋ ಅರ್ಥಾನೂ ಬರತ್ತೆ. 19ನೇ ಶತಮಾನದ ಇಂಗ್ಲಿಷ್ ಕಾದಂಬರಿ ತೆಗ್ದ್ರೆ ಲವರ್ ಅಂದ್ರೆ ಮದುವೆ ಕೇಳ್ಕೊಂಡು ಮನೆಗೆ ಬರೋ ಹುಡುಗ ಅಷ್ಟೇ, ನಮ್ಮ ಮೇಷ್ಟ್ರುಗಳು ಅದನ್ನೇ ಓದಿ ನಮಗೂ ಅದನ್ನೇ ಹೇಳಿಕೊಟ್ರು, ಅಲ್ಲಿ ಅರ್ಥ ಯಾವಾಗ್ಲೋ ಬದಲಾಗಿದೆ. ಎಚ್‌ಆರ್‌ಗೆ ಹೋಗೋ ಮೇಲಲ್ಲಂತೂ ಆ ಪದ ಬೇಡ್ವೇ ಬೇಡ.

ಬಾಯ್‌ಫ್ರೆಂಡ್ ಅನ್ನೋದ್ರಲ್ಲಿ ತಪ್ಪಿಲ್ಲ, ಅಲ್ಲಿ ನಲವತ್ತೈವತ್ತು ವರ್ಷದೋರೂ ಮಾತಲ್ಲಿ ಹಂಗೇ ಅಂತಾರೆ, ವಾರ್ಡಲ್ಲಿ ಟೀ ಕುಡಿಯೋವಾಗ ನೀನೂ ಅನ್ನು. ಕಾಗದದ ವ್ಯವಹಾರಕ್ಕೆ ಮಾತ್ರ ಪಾರ್ಟ್ನರ್. ಬ್ರಿಟನ್‌ನಲ್ಲಿ ಮದುವೆ ಆಗಿರೋರೂ ಆಗ್ದೇ ಇರೋರೂ ಪಾರ್ಟ್ನರ್ ಅಂತಾನೇ ಬರೀತಾರೆ, ಓದೋರು ಹುಬ್ಬು ಹಾರಿಸಲ್ಲ. ಒಂದೇ ಎಚ್ಚರ, ಫಾರ್ಮಲ್ಲಿ ‘ಸಿವಿಲ್ ಪಾರ್ಟ್ನರ್’ ಅಂತ ಇನ್ನೊಂದು ಬಾಕ್ಸ್ ಇರತ್ತೆ, ಅದಕ್ಕೆ ಟಿಕ್ ಹಾಕ್ಬೇಡ. ಅದು ರಿಜಿಸ್ಟ್ರಿ ಮಾಡ್ಸಿರೋರಿಗೆ, ಮೊದ್ಲು ಒಂದೇ ಲಿಂಗದ ಜೋಡಿಗಳಿಗೆ ಅಂತ ತಂದ ಕಾನೂನು, 2019ರ ಡಿಸೆಂಬರ್ ಕೊನೆಯಿಂದ ಇಂಗ್ಲೆಂಡಲ್ಲಿ ಗಂಡು-ಹೆಣ್ಣು ಜೋಡಿಗೂ ಸಿಗತ್ತೆ, ನಿಮ್ಮದು ಅದಲ್ಲ. ಹಂಗೇ ನಮ್ಮ ಪೇಪರ್‌ನೋರು ಬರೆಯೋ ‘ಲಿವ್-ಇನ್ ಪಾರ್ಟ್ನರ್’ ಕೂಡ ಬಿಡು. ನೀನು ಹೋಗ್ತಿರೋದು ಆರೋಗ್ಯ ಇಲಾಖೆ ಕೆಲಸಕ್ಕೆ, ಅಲ್ಲಿ ಲಿವ್-ಇನ್ ಅಂದ್ರೆ ಲಿವ್-ಇನ್ ಕೇರರ್, ವಯಸ್ಸಾದೋರ ಮನೇಲೇ ಉಳ್ಕೊಂಡು ನೋಡ್ಕೊಳ್ಳೋ ನೌಕರಿ.

ಮೇಲ್ ಹಿಂಗಿರ್ಲಿ: ‘ಐ ವಿಲ್ ಬಿ ಮೂವಿಂಗ್ ವಿತ್ ಮೈ ಪಾರ್ಟ್ನರ್,’ ಆಮೇಲೆ ಪಾಸ್‌ಪೋರ್ಟಲ್ಲಿ ಇರೋ ಹಂಗೆ ಅವನ ಪೂರ್ತಿ ಹೆಸರು, ‘ಹೂ ವಿಲ್ ಅಪ್ಲೈ ಆಸ್ ಮೈ ಡಿಪೆಂಡೆಂಟ್.’ ಅಲ್ಲಿಗೆ ಮುಗೀತು. ಎರಡನೇ ಸಾಲಿಂದ ಪಾರ್ಟ್ನರ್ ಪಾರ್ಟ್ನರ್ ಅಂತ ಜಪ ಮಾಡ್ಬೇಡ, ಹೆಸರು ಬರಿ. ನಾವು ಪ್ರೀತಿಸ್ತಿದ್ದೀವಿ, ಮನೇಲಿ ಒಪ್ಪಿಲ್ಲ, ಇದ್ಯಾವ್ದೂ ಎಚ್‌ಆರ್‌ಗೆ ಬೇಡ. ನಾಳೆ ಕೆನಡಾ ಕಡೆ ಮನಸ್ಸಾದ್ರೆ ಅಲ್ಲಿ ಇದನ್ನೇ ‘ಕಾಮನ್-ಲಾ ಪಾರ್ಟ್ನರ್’ ಅಂತಾರೆ, ಕನಿಷ್ಠ 12 ತಿಂಗಳು ಬಿಡದೆ ಒಟ್ಟಿಗೆ ವಾಸ ಇರ್ಬೇಕು, ಆಸ್ಟ್ರೇಲಿಯಾದಲ್ಲಿ ‘ಡಿ ಫ್ಯಾಕ್ಟೋ’. ರೂಲ್ಸ್ ಆಗಾಗ ಬದಲಾಗತ್ತೆ, ಹಾಕೋ ದಿನ ಆ ಸರ್ಕಾರದ ವೆಬ್‌ಸೈಟೇ ನೋಡು, ಏಜೆಂಟ್ ಮಾತು ಕೇಳ್ಕೊಂಡು ಕೂರ್ಬೇಡ.

ಪ್ರಶ್ನೆ: ನಾನು ನನ್ನ ಹೆಂಡ್ತಿ ಸೇರಿ ಸುಂಟಿಕೊಪ್ಪ ಹತ್ರ ಸಣ್ಣ ತೋಟ ನೋಡ್ಕೊಳ್ತಿದ್ದೀವಿ. ನೇರ ಕಾಫಿ ಕೊಳ್ಳೋ ಒಂದು ಕಂಪನಿಗೆ ಮಗಳು ‘ಮೈ ಪಾರ್ಟ್ನರ್ ಅಂಡ್ ಐ’ ಅಂತ ಮೇಲ್ ಬರೆದುಕೊಟ್ಳು, ಅದೇ ಈಗಿನ ಸ್ಟೈಲ್ ಅಂತೆ. ಅವ್ರು ಪಾರ್ಟ್ನರ್‌ಶಿಪ್ ಡೀಡ್ ಕಳಿಸಿ ಅಂತಿದ್ದಾರೆ!

ನಕ್ಕೂ ನಕ್ಕೂ ಸಾಕಾಯ್ತು ಮಾರಾಯ್ರೆ. ಮಗಳ ತಪ್ಪಿಲ್ಲ, ಪದ ಸರೀನೇ, ಜಾಗ ತಪ್ಪು. ವ್ಯಾಪಾರದ ಕಾಗದದಲ್ಲಿ ಪಾರ್ಟ್ನರ್ ಅಂದ್ರೆ 1932ರ ಪಾರ್ಟ್ನರ್‌ಶಿಪ್ ಆಕ್ಟಿನ ಪಾಲುದಾರ, ಲಾಭ ನಷ್ಟದಲ್ಲಿ ಇಷ್ಟಿಷ್ಟು ಪಾಲು ಅಂತ ಮಾಡ್ಕೊಂಡಿರೋನು. ಕೊಡಗಲ್ಲಂತೂ ಅಣ್ಣ ತಮ್ಮ, ಭಾವ, ಮೈಸೂರಲ್ಲಿರೋ ಸ್ನೇಹಿತ ಅಂತ ಸೇರ್ಕೊಂಡು ತೋಟ ಮಾಡಿರೋರು ಬೇಕಾದಷ್ಟಿದ್ದಾರೆ, ಕೊಳ್ಳೋರು ಹಂಗೆ ತಿಳ್ಕೊಂಡಿದ್ದು ಸಹಜ. ‘ಮೈ ವೈಫ್ ಅಂಡ್ ಐ ಗ್ರೋ ಅರೇಬಿಕಾ ಅಂಡ್ ರೊಬಸ್ಟಾ’ ಅಂತ ಸೀದಾ ಬರೀರಿ. ಪಹಣಿ ಜಂಟಿಯಾಗಿದ್ರೆ ‘ಜಾಯಿಂಟ್ ಓನರ್ಸ್’ ಅಂತ ಸೇರಿಸಿ, ಬ್ಯಾಂಕ್ ಸಾಲದ ಅರ್ಜಿ ಆದ್ರೆ ‘ಕೋ-ಅಪ್ಲಿಕೆಂಟ್’. ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗ್ದು ಒಣಗಿಸಿದ ಕಾಫಿ) ಎಷ್ಟು, ಚೆರ್ರಿ (ಹಣ್ಣು ಹಂಗೇ ಒಣಗಿಸಿದ್ದು) ಎಷ್ಟು ಅನ್ನೋದು ಮೊದಲ ಪ್ಯಾರಾದಲ್ಲೇ ಬರ್ಲಿ, ಅವ್ರಿಗೆ ಬೇಕಾಗಿರೋದು ಅದು.

ಪ್ರಶ್ನೆ: ಟೀಚರ್ ನಮಸ್ತೆ. ವಿರಾಜಪೇಟೆ ಕಡೆಯಿಂದ ಬರೀತಿದ್ದೀನಿ. ನಮ್ಮ ಚಿಕ್ಕಪ್ಪ ಆರ್ಮಿಯಲ್ಲಿ ಹವಾಲ್ದಾರ್ ಆಗಿ ರಿಟೈರ್ ಆದೋರು, ಹೋದ ತಿಂಗಳು ತೀರ್ಕೊಂಡ್ರು. ಚಿಕ್ಕಮ್ಮಂಗೆ ಫ್ಯಾಮಿಲಿ ಪೆನ್ಶನ್‌ಗೆ ಲೆಟರ್ ನಾನೇ ಟೈಪ್ ಮಾಡಿದೆ, ‘ಮೈ ಎಕ್ಸ್-ಹಸ್ಬೆಂಡ್ ವಾಸ್ ಆನ್ ಎಕ್ಸ್-ಸರ್ವಿಸ್‌ಮ್ಯಾನ್, ಹಿ ಎಕ್ಸ್‌ಪೈರ್ಡ್’ ಅಂತ. ಕಳಿಸೋ ಮುಂಚೆ ನಿಮ್ಮನ್ನ ಕೇಳೋಣ ಅನ್ನಿಸ್ತು.

ಪುಣ್ಯಕ್ಕೆ ಕೇಳಿದೆ ಮಾರಾಯ, ಆ ಲೆಟರ್ ಇರೋ ಜಾಗದಲ್ಲೇ ಹರಿದುಹಾಕು. ಎಕ್ಸ್-ಹಸ್ಬೆಂಡ್ ಅಂದ್ರೆ ಡಿವೋರ್ಸ್ ಆದ ಗಂಡ, ಬದುಕಿರಲಿ ಸತ್ತಿರಲಿ. ಡಿವೋರ್ಸ್ ಆದ ಹೆಂಡ್ತಿಗೆ ಫ್ಯಾಮಿಲಿ ಪೆನ್ಶನ್ ಹಕ್ಕಿಲ್ಲ. ಅಂದ್ರೆ ಪೆನ್ಶನ್ ಕೊಡಿ ಅಂತ ಕೇಳೋ ಕಾಗದದ ಮೊದಲನೇ ಸಾಲಲ್ಲೇ ನಂಗೆ ಪೆನ್ಶನ್ ಬರಲ್ಲ ಅಂತ ಚಿಕ್ಕಮ್ಮನ ಕೈಲಿ ಸೈನ್ ಹಾಕ್ಸಿದಂಗೆ.

ಈ ತಪ್ಪು ನಮ್ಮ ಜಿಲ್ಲೇಲಿ ಯಾಕೆ ಇಷ್ಟು ಅಂತ ನಂಗೆ ಅರ್ಥ ಆಗತ್ತೆ. ಮನೆಗೊಬ್ರು ಆರ್ಮಿಯೋರು, ಎಕ್ಸ್-ಸರ್ವಿಸ್‌ಮ್ಯಾನ್ ಅನ್ನೋ ಪದ ಗೇಟಿನ ಬೋರ್ಡಿಂದ ಕ್ಯಾಂಟೀನ್ ಕಾರ್ಡ್ ತನಕ ದಿನಾ ಕಣ್ಣಿಗೆ ಬೀಳತ್ತೆ, ಎಕ್ಸ್ ಅಂದ್ರೆ ‘ಮೊದ್ಲು ಇದ್ದೋರು, ಗೌರವಸ್ಥರು’ ಅಂತ ತಲೇಲಿ ಕೂತುಬಿಟ್ಟಿದೆ. ನೌಕರಿಗೆ ಎಕ್ಸ್ ಹಾಕಿದ್ರೆ ರಿಟೈರ್ ಆದೋರು, ಸಂಬಂಧಕ್ಕೆ ಎಕ್ಸ್ ಹಾಕಿದ್ರೆ ಸಂಬಂಧ ಕಡಿದುಹೋದೋರು. ‘ವೈಫ್ ಆಫ್ ಎಕ್ಸ್-ಹವಾಲ್ದಾರ್’ ಅಂದ್ರೆ ರಿಟೈರ್ಡ್ ಹವಾಲ್ದಾರರ ಹೆಂಡ್ತಿ, ‘ಎಕ್ಸ್-ವೈಫ್ ಆಫ್ ಹವಾಲ್ದಾರ್’ ಅಂದ್ರೆ ಬಿಟ್ಟುಹೋದ ಹೆಂಡ್ತಿ. ಎರಡಕ್ಷರ ಆ ಕಡೆಯಿಂದ ಈ ಕಡೆ ಬಂದ್ರೆ ಇಡೀ ಸಂಸಾರ ಮುರಿಯತ್ತೆ.

ತೀರ್ಕೊಂಡೋರಿಗೆ ಲೇಟ್. ‘ಐ ಆಮ್ ದಿ ವಿಡೋ ಆಫ್ ಲೇಟ್ ಹವಾಲ್ದಾರ್’, ಹೆಸರು, ಸರ್ವಿಸ್ ನಂಬರ್, ಪಿಪಿಓ (ಪೆನ್ಶನ್ ಪೇಮೆಂಟ್ ಆರ್ಡರ್) ನಂಬರ್. ವಿಡೋ ಅನ್ನೋ ಪದ ಬರೆಯೋಕೆ ನಿಂಗೆ ಕೈ ಬರಲ್ಲ, ಚಿಕ್ಕಮ್ಮಂಗೂ ನೋಡೋಕೆ ಕಷ್ಟ, ಆದ್ರೆ ಪೆನ್ಶನ್ ಆಫೀಸಲ್ಲಿ ಅದೇ ಹಕ್ಕಿನ ಪದ, ಅದನ್ನ ಮೃದು ಮಾಡೋಕೆ ಹೋಗ್ಬೇಡ. ಊರೋರಿಗೆ, ನೆಂಟರಿಗೆ ಇಂಗ್ಲಿಷಲ್ಲಿ ಬರೆಯೋವಾಗ ‘ಮೈ ಲೇಟ್ ಹಸ್ಬೆಂಡ್’ ಅನ್ಲಿ, ಅಥವಾ ಬರೀ ‘ಮೈ ಹಸ್ಬೆಂಡ್’ ಅನ್ಲಿ, ಸತ್ತ ಮಾತ್ರಕ್ಕೆ ಗಂಡ ಅಲ್ಲ ಅಂತ ಯಾವ ಇಂಗ್ಲಿಷೂ ಹೇಳಲ್ಲ. ಎಕ್ಸ್‌ಪೈರ್ಡ್ ಬದಲು ‘ಪಾಸ್ಡ್ ಅವೇ ಆನ್’ ಅಂತ ಹಾಕಿ ತಾರೀಖು ಬರಿ. ನಮ್ಮ ದೇಶದ ಆಫೀಸಲ್ಲಿ ಎಕ್ಸ್‌ಪೈರ್ಡ್ ಅಂದ್ರೂ ಅರ್ಥ ಆಗತ್ತೆ, ಆದ್ರೆ ಅದು ಮಾತ್ರೆ ಸ್ಟ್ರಿಪ್ಪಿನ ಮೇಲೆ ಇರೋ ಪದ.

ಇನ್ನೊಂದು, ಇದು ಪದಕ್ಕಿಂತ ಜಾಸ್ತಿ ತಲೆನೋವು ಕೊಡೋದು. ಚಿಕ್ಕಮ್ಮನ ಹೆಸರು ಪಿಪಿಓದಲ್ಲಿ ಹೆಂಗಿದೆ, ಆಧಾರಲ್ಲಿ ಹೆಂಗಿದೆ ಅಂತ ಪಕ್ಕ ಪಕ್ಕ ಇಟ್ಟು ಓದು. ಕೊಡವರಲ್ಲಿ ಒಕ್ಕದ, ಅಂದ್ರೆ ಮನೆತನದ, ಹೆಸರು ಮುಂದೆ ಬರತ್ತೆ. ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪ, ಜನರಲ್ ಕೆ.ಎಸ್. ತಿಮ್ಮಯ್ಯ, ಇಬ್ರ ಮೊದಲ ‘ಕೆ’ಯೂ ಕೊಡಂದೇರ ಒಕ್ಕದ್ದೇ, ಹೊರಗಿನೋರು ಮಾತ್ರ ಕಾರ್ಯಪ್ಪ, ತಿಮ್ಮಯ್ಯ ಅನ್ನೋದೇ ಮನೆತನದ ಹೆಸರು ಅಂದ್ಕೊಳ್ತಾರೆ. ಹೆಣ್ಮಕ್ಕಳಿಗೆ ಮದುವೆ ಆದ್ಮೇಲೆ ಒಕ್ಕ ಬದಲಾಗತ್ತೆ, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಲ್ಲಿ ತಾಮನೆ (ತವರುಮನೆ) ಹೆಸರು, ಆಧಾರಲ್ಲಿ ಗಂಡನ ಮನೆ ಹೆಸರು, ಇನ್ನೊಂದು ಕಡೆ ಬರೀ ಗಂಡನ ಹೆಸರಿನ ಇನಿಷಿಯಲ್ಲು. ಹಂಗಿದ್ರೆ ಲೆಟರಲ್ಲಿ ಈಗಿನ ಹೆಸರು ಹಾಕಿ ಪಕ್ಕದಲ್ಲಿ ‘ಮೇಡನ್ ನೇಮ್’ ಅಂತ ತಾಮನೆ ಹೆಸರು ಕೊಡು, ಇಬ್ರೂ ಒಬ್ರೇ ಅನ್ನೋದಕ್ಕೆ ಅಫಿಡವಿಟ್ ಬೇಕಾ ಅಂತ ಮಡಿಕೇರಿ ಸೈನಿಕ ಕಲ್ಯಾಣ ಇಲಾಖೆ ಆಫೀಸಲ್ಲಿ ವಿಚಾರಿಸು. ಕೆಲವ್ರು ಫ್ರೆಂಚಿಂದ ಬಂದ ‘ನೇ’ ಅನ್ನೋ ಪದ ಹಾಕ್ತಾರೆ, ಎನ್ ಇ ಇ, ಹುಟ್ಟಿದ ಮನೆ ಹೆಸರು ಇಂಥದ್ದು ಅಂತ. ಮದುವೆ ಕಾರ್ಡಿಗೆ, ನಿಧನದ ಜಾಹೀರಾತಿಗೆ ಚೆನ್ನಾಗಿರತ್ತೆ, ಪೆನ್ಶನ್ ಕ್ಲರ್ಕಿಗೆ ಅದು ಟೈಪಿಂಗ್ ಮಿಸ್ಟೇಕ್ ಥರ ಕಾಣ್ಬಹುದು. ಚಿಕ್ಕಮ್ಮಂಗೆ ನನ್ನ ನಮಸ್ಕಾರ ಹೇಳು.

ಪ್ರಶ್ನೆ: ಬೆಟರ್ ಹಾಫ್, ಹಬ್ಬಿ, ಸಿಗ್ನಿಫಿಕೆಂಟ್ ಅದರ್, ಇವುಗಳಲ್ಲಿ ಯಾವ್ದು ಡೀಸೆಂಟ್? (ಮಡಿಕೇರಿ)

ಹಬ್ಬಿ ಇನ್‌ಸ್ಟಾಗ್ರಾಮಿಗೆ. ಬೆಟರ್ ಹಾಫ್ ಬೆಳ್ಳಿಹಬ್ಬದ ಭಾಷಣಕ್ಕೆ, ಅದೂ ಮೈಕ್ ಕೈಲಿದ್ದು ಹೆಂಡ್ತಿ ಮುಂದಿನ ಸಾಲಲ್ಲಿ ಕೂತಿದ್ರೆ. ಸಿಗ್ನಿಫಿಕೆಂಟ್ ಅದರ್ ಅನ್ನೋದು ಆಫೀಸ್ ಪಾರ್ಟಿಯ ಇನ್ವಿಟೇಶನ್‌ಗೆ, ಯಾರನ್ನಾದ್ರೂ ಕರ್ಕೊಂಡು ಬನ್ನಿ ನಾವು ಕೇಳಲ್ಲ ಅಂತ ಅದರ ಅರ್ಥ, ನಿಮ್ಮ ಸ್ವಂತ ಗಂಡನ್ನ ಹಂಗೆ ಕರೆದ್ರೆ ಅವ್ರಿಗೇ ಅನುಮಾನ ಬರತ್ತೆ. ರಜೆ ಅರ್ಜಿಯಲ್ಲಿ ‘ಮೈ ಹಸ್ಬೆಂಡ್ ಈಸ್ ಅನ್‌ವೆಲ್’ ಅಂತ ಬರ್ದು ಮುಗಿಸಿ.

ಪ್ರಶ್ನೆ: ಕಕ್ಕಬ್ಬೆ ಹತ್ರ ಹೋಂಸ್ಟೇ ನಡೆಸ್ತೀನಿ. ಇಟಲಿಯಿಂದ ಒಬ್ರು ‘ಮೈ ಪಾರ್ಟ್ನರ್ ಅಂಡ್ ಐ’ ಬರ್ತೀವಿ ಅಂತ ಮೇಲ್ ಮಾಡಿದ್ರು, ಹೆಸರು ಹೆಂಗಸ್ರದ್ದು ಅನ್ನಿಸ್ತು, ನಾನು ‘ಯು ಅಂಡ್ ಯುವರ್ ಹಸ್ಬೆಂಡ್ ಆರ್ ವೆಲ್‌ಕಮ್’ ಅಂತ ಉತ್ತರ ಕೊಟ್ಟೆ. ಜೀಪ್ ಇಳಿದಾಗ ನೋಡಿದ್ರೆ ಮೇಲ್ ಬರೆದೋರು ಗಡ್ಡದ ಗಂಡಸು, ಜೊತೆಗೆ ಒಂದು ಹುಡುಗಿ. ಅವ್ರು ನಕ್ರು, ನಂಗೆ ಮುಖ ಇಲ್ದಂಗಾಯ್ತು. ಮುಂದೆ ಹೆಂಗೆ ಬರೀಲಿ?

ಇಟಲಿಯ ಹೆಸರುಗಳು ಎಲ್ರನ್ನೂ ಬೇಸ್ತು ಬೀಳಿಸ್ತವೆ ಅಣ್ಣ, ಆಂಡ್ರಿಯಾ ಅಂದ್ರೆ ಅಲ್ಲಿ ಗಂಡಸ್ರ ಹೆಸರು, ಜರ್ಮನಿಯಲ್ಲಿ ಹೆಂಗಸ್ರ ಹೆಸರು. ಹೆಸರು ನೋಡಿ ಗಂಡೋ ಹೆಣ್ಣೋ, ಪಾರ್ಟ್ನರ್ ಅಂದಿದ್ದಕ್ಕೆ ಗಂಡನೋ ಹೆಂಡ್ತಿಯೋ ಅಂತ ಊಹೆ ಮಾಡೋ ಕೆಲಸಾನೇ ಬಿಟ್ಬಿಡಿ. ಅವ್ರು ಪಾರ್ಟ್ನರ್ ಅಂತ ಬರೆದಿದ್ರೆ ನೀವೂ ‘ಯು ಅಂಡ್ ಯುವರ್ ಪಾರ್ಟ್ನರ್’ ಅನ್ನಿ, ಏನೂ ಬರೀದೇ ಇದ್ರೆ ‘ಬೋತ್ ಆಫ್ ಯು’ ಅಥವಾ ‘ದಿ ಟೂ ಆಫ್ ಯು’. ಗೆಸ್ಟ್ ಯಾವ ಪದ ಹಾಕ್ತಾರೋ ಅದನ್ನೇ ವಾಪಸ್ ಹಾಕೋದು, ಇದಕ್ಕಿಂತ ಸೇಫ್ ಇನ್ನೊಂದಿಲ್ಲ.

ನಿಮಗೆ ನಿಜವಾಗ್ಲೂ ಬೇಕಾಗಿರೋದು ಏನು ಹೇಳಿ? ಮಂಚ. ಅದನ್ನೇ ಕೇಳಿ: ‘ವುಡ್ ಯು ಪ್ರಿಫರ್ ಎ ಡಬಲ್ ಆರ್ ಎ ಟ್ವಿನ್ ರೂಮ್?’ ಡಬಲ್ ಅಂದ್ರೆ ಒಂದೇ ದೊಡ್ಡ ಮಂಚ, ಟ್ವಿನ್ ಅಂದ್ರೆ ಬೇರೆ ಬೇರೆ ಎರಡು. ಅಕ್ಕ ತಂಗಿ ಬರ್ತಿರ್ಲಿ, ಟ್ರೆಕಿಂಗ್ ಜೊತೆಗಾರರು ತಡಿಯಂಡಮೋಳ್ ಹತ್ತೋಕೆ ಬರ್ತಿರ್ಲಿ, ಹೊಸ ಜೋಡಿ ಬರ್ತಿರ್ಲಿ, ಉತ್ತರದಲ್ಲಿ ನಿಮಗೆ ಬೇಕಾದಷ್ಟು ಗೊತ್ತಾಗತ್ತೆ, ಅವ್ರ ವಿಷಯಕ್ಕೆ ಕೈ ಹಾಕಿದಂಗೂ ಆಗಲ್ಲ. ಮತ್ತೆ ಫಾರಿನ್ ಗೆಸ್ಟ್ ಬಂದ 24 ಗಂಟೆ ಒಳಗೆ ಆನ್‌ಲೈನಲ್ಲಿ ಸರ್ಕಾರಕ್ಕೆ ಅವ್ರ ವಿವರದ ಫಾರ್ಮ್ ಹಾಕ್ಬೇಕಲ್ಲ, ಅದು ಪ್ರತಿಯೊಬ್ರಿಗೂ ಬೇರೆ ಬೇರೆ, ಹಾಗಾಗಿ ಮೊದಲ ಮೇಲಲ್ಲೇ ‘ಪ್ಲೀಸ್ ಸೆಂಡ್ ಪಾಸ್‌ಪೋರ್ಟ್ ಅಂಡ್ ವೀಸಾ ಕಾಪೀಸ್ ಫಾರ್ ಬೋತ್ ಗೆಸ್ಟ್ಸ್’ ಅಂತ ಕೇಳಿದ್ರೆ ಇಬ್ರ ಹೆಸರೂ ಬಂತು, ಗಂಡೋ ಹೆಣ್ಣೋ ಅನ್ನೋದೂ ಬಂತು, ಮುಂದಿನ ಮೇಲಿಂದ ಹೆಸರು ಹಿಡಿದೇ ಬರೀಬಹುದು. ಪಂದಿಕರಿ (ಹಂದಿ ಮಾಂಸದ ಸಾರು) ತಿಂತಾರಾ ಅಂತ ಮಾತ್ರ ಇಬ್ರನ್ನೂ ಬೇರೆ ಬೇರೆಯಾಗಿ ಕೇಳಿ, ಜೋಡಿ ಅಂದ್ಮೇಲೆ ಊಟಾನೂ ಒಂದೇ ಅಂತೇನಿಲ್ಲ.

ಪ್ರಶ್ನೆ: ನಿಶ್ಚಿತಾರ್ಥ ಆಗಿದೆ, ಫೆಬ್ರವರಿಯಲ್ಲಿ ಮದುವೆ. ಆಫೀಸ್ ಮೇಲಲ್ಲಿ ‘ಮೈ ವುಡ್‌ಬಿ’ ಅಂತ ಬರೆದಿದ್ದಕ್ಕೆ ಲಂಡನ್ ಟೀಮಿನೋರು ‘ವುಡ್ ಬಿ ವಾಟ್?’ ಅಂತ ಕೇಳಿದ್ರು. ತಪ್ಪಾ? (ಸೋಮವಾರಪೇಟೆ)

ಭಾರತದೊಳಗೆ ತಪ್ಪಲ್ಲ, ಇಲ್ಲಿ ವುಡ್‌ಬಿ ಅಂದ್ರೆ ಎಲ್ರಿಗೂ ಗೊತ್ತು. ಹೊರಗಿನೋರಿಗೆ ಅದು ಅರ್ಧಕ್ಕೇ ನಿಂತ ವಾಕ್ಯ. ಅಲ್ಲಿ ವುಡ್‌ಬಿ ಅನ್ನೋದನ್ನ ಆಸೆ ಇದ್ದೂ ಇನ್ನೂ ಆಗದೇ ಇರೋರಿಗೆ ಹೇಳ್ತಾರೆ, ವುಡ್‌ಬಿ ಆ್ಯಕ್ಟರ್ ಅಂದ್ರೆ ಚಾನ್ಸಿಗೆ ಅಲೀತಿರೋನು, ವುಡ್‌ಬಿ ರಾಬರ್ ಅಂದ್ರೆ ಕದಿಯೋಕೆ ಹೋಗಿ ಸಿಕ್ಕಿಬಿದ್ದೋನು. ವುಡ್‌ಬಿ ಹಸ್ಬೆಂಡ್ ಅಂದ್ರೆ ಪಾಪ ಆ ಹುಡುಗನ ಮೇಲೆ ಅನುಮಾನ ಬಂದಂಗಾಗತ್ತೆ.

ಬರೀಬೇಕಾಗಿರೋದು ಫಿಯಾನ್ಸೇ. ಹುಡುಗನಾದ್ರೆ ಎಫ್ ಐ ಎ ಎನ್ ಸಿ ಇ, ಹುಡುಗಿಯಾದ್ರೆ ಕೊನೆಗೆ ಇನ್ನೊಂದು ಇ. ಕೇಳೋಕೆ ಎರಡೂ ಒಂದೇ, ಬರೆಯೋವಾಗ ಮಾತ್ರ ವ್ಯತ್ಯಾಸ. ಇ ಮೇಲೆ ಸಣ್ಣ ಗೀಟು ಹಾಕಿದ್ರೂ ಸರಿ, ಬಿಟ್ರೂ ಇಂಗ್ಲಿಷಲ್ಲಿ ನಡಿಯತ್ತೆ. ಆದ್ರೆ ಫೋನಿನ ಆಟೋಕರೆಕ್ಟ್ ಮಧ್ಯೆ ಒಂದು ಎನ್ ತುರುಕಿ ಫೈನಾನ್ಸ್ ಮಾಡತ್ತೆ, ‘ಐ ಆಮ್ ಗೋಯಿಂಗ್ ಔಟ್ ವಿತ್ ಮೈ ಫೈನಾನ್ಸ್’ ಅಂತ ಹೋಗೋ ಮೆಸೇಜುಗಳಿಗೆ ಲೆಕ್ಕ ಇಲ್ಲ, ಕಳಿಸೋ ಮುಂಚೆ ಓದಿ. ತಾಳಿ ಬಿದ್ದ ದಿನವೇ ಈ ಪದದ ಕೆಲಸ ಮುಗೀತು, ಮಾರನೇ ದಿನದಿಂದ ಹಸ್ಬೆಂಡ್. ಅಮೆರಿಕಕ್ಕೆ ಹೋಗೋರು ಇದನ್ನ ಹಗುರವಾಗಿ ತಗೋಬೇಡಿ, ಅಲ್ಲಿ ಫಿಯಾನ್ಸೇಗೆ ಕೆ-1 ಅಂತ ಬೇರೆ ವೀಸಾನೇ ಇದೆ, ಅಲ್ಲಿ ಕಾಲಿಟ್ಟ 90 ದಿನದೊಳಗೆ ಮದುವೆ ಆಗ್ಬೇಕು. ಇಲ್ಲೇ ಮದುವೆ ಆಗಿ ಹೋಗೋರಿಗೆ ಅದು ಬರೋದೇ ಇಲ್ಲ.

ಪ್ರಶ್ನೆ: ನಾನು ಗಂಡಸು, ನನ್ನ ಸಂಗಾತಿನೂ ಗಂಡಸು. ಬೆಂಗಳೂರಲ್ಲಿ ಕೆಲಸ, ಊರು ಕೊಡಗು. ಇಂಗ್ಲಿಷಲ್ಲೇ ಎಲ್ಲ ನಡಿಯೋ ಆಫೀಸು. ‘ವೀಕೆಂಡ್ ಹೆಂಗಿತ್ತು’ ಅನ್ನೋ ಚಾಟಿಗೂ ನಾನು ಫ್ರೆಂಡ್ ಫ್ರೆಂಡ್ ಅಂತ ಬರ್ದು ಸುಸ್ತಾಗಿದ್ದೀನಿ. ಸುಳ್ಳೂ ಹೇಳ್ದೇ, ಎಲ್ಲಾನೂ ಹೇಳ್ದೇ ಬರೆಯೋಕಾಗತ್ತಾ? (ಹೆಸರು, ಊರು ಎರಡೂ ಬೇಡ)

ಆಗತ್ತಪ್ಪ. ಪಾರ್ಟ್ನರ್ ಪದಕ್ಕೆ ಇಂಗ್ಲಿಷಲ್ಲಿ ಗಂಡು ಹೆಣ್ಣಿಲ್ಲ, ಅದರ ದೊಡ್ಡ ಉಪಕಾರ ಅದೇ. ‘ಮೈ ಪಾರ್ಟ್ನರ್ ಅಂಡ್ ಐ ವೆಂಟ್ ಹೋಮ್ ಟು ಕೂರ್ಗ್’ ಅಂದ್ರೆ ನಿಜಾನೇ ಬರೆದಂಗಾಯ್ತು. ಕಷ್ಟ ಬರೋದು ಎರಡನೇ ವಾಕ್ಯದಲ್ಲಿ, ಹಿ ಅಂತಲೋ ಶಿ ಅಂತಲೋ ಬರಲೇಬೇಕು. ‘ದೇ’ ಅಂತ ಒಬ್ರಿಗೇ ಬಳಸೋದು ಇಂಗ್ಲಿಷಲ್ಲಿ ಹಳೇ ರೂಢಿ, ತಪ್ಪಲ್ಲ, ಆದ್ರೆ ಪ್ರತಿ ಸಾಲಲ್ಲೂ ಬಂದ್ರೆ ಓದೋರಿಗೆ ಏನೋ ಮುಚ್ಚಿಡ್ತಿದ್ದಾನೆ ಅನ್ನಿಸತ್ತೆ. ಅದಕ್ಕೆ ವಾಕ್ಯಾನೇ ‘ವೀ’ಗೆ ತಿರುಗಿಸು: ವೀ ವಾಕ್ಡ್, ವೀ ಕುಕ್ಡ್, ವೀ ಗಾಟ್ ಲೀಚಸ್. ಮಳೆಗಾಲದಲ್ಲಿ ಊರಿಗೆ ಬಂದಿದ್ರೆ ಕೊನೇದಂತೂ ಸುಳ್ಳಾಗಲ್ಲ. ನಂಬಿಕೆ ಇರೋ ಒಂದಿಬ್ರು ಸಹೋದ್ಯೋಗಿಗಳ ಹತ್ರ ಮಾತ್ರ ಪದ ಬಿಟ್ಟು ಅವನ ಹೆಸರೇ ಬರಿ, ಹೆಸರು ಬಂದ್ಮೇಲೆ ಹಿ ಅನ್ನೋದು ತಾನಾಗೇ ಬರತ್ತೆ, ವಿವರಣೆ ಕೊಡೋ ಪ್ರಮೇಯ ಇರಲ್ಲ. ಯಾರಿಗೆ ಎಷ್ಟು ಅನ್ನೋದು ನಿನ್ನ ಲೆಕ್ಕ, ಇಂಗ್ಲಿಷ್ ಪದಕ್ಕೆ ಹೆದರಿ ನಿರ್ಧಾರ ಮಾಡ್ಬೇಡ.

ಫಾರ್ಮಿನ ವಿಷಯ ಬೇರೆ. 2018ರ ಸೆಪ್ಟೆಂಬರ್ 6ರ ಸುಪ್ರೀಂ ಕೋರ್ಟ್ ತೀರ್ಪಾದ್ಮೇಲೆ ನಿಮ್ಮಿಬ್ರ ಸಂಬಂಧ ಅಪರಾಧ ಅಲ್ಲ, ಆದ್ರೆ 2023ರ ಅಕ್ಟೋಬರ್ 17ರ ತೀರ್ಪಲ್ಲಿ ಮದುವೆಗೆ ಮಾನ್ಯತೆ ಸಿಗ್ಲಿಲ್ಲ. ಹಾಗಾಗಿ ಸರ್ಕಾರಿ ಫಾರ್ಮಿನ ‘ಸ್ಪೌಸ್’ ಕಾಲಮಲ್ಲಿ ಅವನ ಹೆಸರು ಬರೆಯೋಕಾಗಲ್ಲ, ಮ್ಯಾರಿಟಲ್ ಸ್ಟೇಟಸ್ ಅಲ್ಲಿ ‘ಸಿಂಗಲ್’ ಅಂತಾನೇ ಹಾಕ್ಬೇಕು, ಬೇಜಾರಾಗತ್ತೆ, ಆದ್ರೆ ಅದು ಕಾನೂನಿನ ಲೆಕ್ಕದ ಸಿಂಗಲ್ ಅಷ್ಟೇ. ಬ್ಯಾಂಕಲ್ಲಿ ಹಂಗಲ್ಲ. ಜಾಯಿಂಟ್ ಅಕೌಂಟ್ ತೆಗಿಯೋಕೆ, ಒಬ್ರನ್ನೊಬ್ರು ನಾಮಿನಿ ಮಾಡ್ಕೊಳ್ಳೋಕೆ ಯಾವ ಅಡ್ಡಿನೂ ಇಲ್ಲ ಅಂತ 2024ರ ಆಗಸ್ಟಲ್ಲಿ ಕೇಂದ್ರ ಹಣಕಾಸು ಸಚಿವಾಲಯವೇ ಸ್ಪಷ್ಟ ಮಾಡಿದೆ. ಕೌಂಟರಲ್ಲಿ ತಕರಾರು ತೆಗೆದ್ರೆ ಅದನ್ನ ತೋರ್ಸು. ಆಫೀಸಿನ ಹೆಲ್ತ್ ಇನ್ಶೂರೆನ್ಸ್ ಪಾಲಿಸಿ ಪುಸ್ತಕದಲ್ಲಿ ‘ಸ್ಪೌಸ್’ ಅಂತಿದ್ಯಾ ‘ಸ್ಪೌಸ್ ಆರ್ ಪಾರ್ಟ್ನರ್’ ಅಂತಿದ್ಯಾ ಸರಿಯಾಗಿ ಓದು. ಎರಡನೇದಿದ್ರೆ ಎಚ್‌ಆರ್‌ಗೆ ಒಂದೇ ಸಾಲು ಸಾಕು, ‘ಐ ವುಡ್ ಲೈಕ್ ಟು ಆ್ಯಡ್ ಮೈ ಪಾರ್ಟ್ನರ್ ಟು ಮೈ ಪಾಲಿಸಿ, ಪ್ಲೀಸ್ ಕೀಪ್ ದಿಸ್ ಕಾನ್ಫಿಡೆನ್ಶಿಯಲ್.’ ಕೊನೆ ಭಾಗ ಮರೀಬೇಡ.

ಪ್ರಶ್ನೆ: ಮಗ ಒಂದು ಹುಡುಗೀನ ಮನೆಗೆ ಕರ್ಕೊಂಡು ಬಂದಿದ್ದ, ಪುತ್ತರಿ ಹಬ್ಬಕ್ಕೆ. ನಂಗೂ ಇವ್ರಿಗೂ ತುಂಬಾ ಇಷ್ಟ ಆದ್ಳು. ಫೋಟೋ ಫೇಸ್‌ಬುಕ್ಕಲ್ಲಿ ಹಾಕ್ಬೇಕು, ಹೊರದೇಶದಲ್ಲಿರೋ ನೆಂಟ್ರು ನೋಡ್ತಾರೆ, ಅದಕ್ಕೆ ಇಂಗ್ಲಿಷಲ್ಲಿ. ‘ಮೈ ಸನ್ಸ್ ಫ್ರೆಂಡ್’ ಅಂದ್ರೆ ಸುಳ್ಳು, ‘ಗರ್ಲ್‌ಫ್ರೆಂಡ್’ ಅಂತ ತಾಯಿ ಕೈಲಿ ಬರ್ದ್ರೆ ಚೆನ್ನಾಗಿರಲ್ಲ, ‘ಡಾಟರ್-ಇನ್-ಲಾ’ ಅನ್ನೋಣ್ವಾ? (ಕುಶಾಲನಗರ)

ಅಕ್ಕ, ತಡೀರಿ ತಡೀರಿ. ನಿಶ್ಚಿತಾರ್ಥ ಆಗದೇ ಡಾಟರ್-ಇನ್-ಲಾ ಅಂತ ಹಾಕಿದ್ರೆ ಆ ಹುಡುಗಿ ಮನೆಯೋರು ಮೊದಲ ಸಲ ವಿಷಯ ತಿಳ್ಕೊಳ್ಳೋದು ನಿಮ್ಮ ಫೇಸ್‌ಬುಕ್ಕಿಂದ ಆಗ್ಬಹುದು, ಆಮೇಲೆ ಬೀಗರ ಜೊತೆ ಮಾತು ಶುರುವಾಗೋದೇ ಜಗಳದಿಂದ. ಆಗಿದ್ರೂ ಮದುವೆವರೆಗೆ ‘ಫ್ಯೂಚರ್ ಡಾಟರ್-ಇನ್-ಲಾ’. ಗರ್ಲ್‌ಫ್ರೆಂಡ್ ಅನ್ನೋದನ್ನ ತಾಯಿ ಬರೆಯೋದ್ರಲ್ಲಿ ಅವಮಾನ ಏನಿಲ್ಲ, ಹೊರದೇಶದ ನೆಂಟ್ರು ಅದನ್ನೇ ನಿರೀಕ್ಷೆ ಮಾಡ್ತಾರೆ, ಆದ್ರೆ ಸಿದ್ದಾಪುರದ ಅತ್ತಿಗೆನೂ ಅದೇ ಫೇಸ್‌ಬುಕ್ ನೋಡ್ತಾರಲ್ಲ.

ಪದಾನೇ ಬೇಡ. ಇಬ್ರ ಹೆಸರೂ ಹಾಕಿ, ಮಗನ ಹೆಸರು, ಅವಳ ಹೆಸರು, ‘ಅಟ್ ಹೋಮ್ ಫಾರ್ ಪುತ್ತರಿ’. ಹೆಸರು ಜೊತೆಗೆ ಬಂದ್ರೆ ಬುದ್ಧಿ ಇರೋರಿಗೆ ಅರ್ಥ ಆಗತ್ತೆ, ಇಲ್ದೋರು ಕಮೆಂಟಲ್ಲಿ ಕೇಳ್ತಾರೆ, ಕೇಳ್ಲಿ, ಉತ್ತರ ಕೊಡ್ಬೇಡಿ. ಆದ್ರೆ ಪೋಸ್ಟ್ ಒತ್ತೋ ಮುಂಚೆ ಆ ಫೋಟೋನೂ ಬರೆದ ಸಾಲೂ ಅವಳಿಗೆ ವಾಟ್ಸಾಪಲ್ಲಿ ಕಳಿಸಿ ‘ಹಾಕ್ಲಾ ಮಗಳೇ’ ಅಂತ ಕೇಳಿ, ಮಗನ್ನ ಕೇಳಿದ್ರೆ ಸಾಲದು, ಅವನು ಓದ್ದೇನೇ ಓಕೆ ಅಂತಾನೆ.